ನೇರಳೆ ಗೀಟು

"ಕೈ ತೆಗೀರಿ, ಟೀಚರ್."

ಹಿಂದಿನ ಸೀಟಿನಿಂದ ಹೇಳಿದವರು ಗ್ಯಾರೇಜು ನಡೆಸುವ ಅತ್ತಿಗೆ. ಗೋದಾಮುಗಳ ಹಿಂದಿನ ಖಾಲಿ ರಸ್ತೆಯಲ್ಲಿ ಕಾರು ಗಂಟೆಗೆ ನಲವತ್ತು ಕಿಲೋಮೀಟರಿನಲ್ಲಿ ಹೋಗುತ್ತಿತ್ತು. ಸ್ಟೀರಿಂಗ್ ಹಿಡಿದವರು ದೊಡ್ಡಮ್ಮ, ವಯಸ್ಸು ಅರವತ್ತೆರಡು. ಎಡಗಡೆ ಸೀಟಿನಲ್ಲಿ ಕೂತು ಅವರಿಗೆ ಡ್ರೈವಿಂಗ್ ಕಲಿಸುತ್ತಿದ್ದವರು ಅವರ ಸ್ವಂತ ಸೊಸೆ.

"ಯಾವ ಕೈ?"

"ನಿಮ್ಮ ಬಲಗೈ. ಸ್ಟೀರಿಂಗ್ ಕೆಳಗಡೆ ಇದೆಯಲ್ಲ, ಅದು."

ಟೀಚರ್ ಬಗ್ಗಿ ನೋಡಿಕೊಂಡರು. ನಿಜ. ಅವರ ಎರಡು ಬೆರಳು ಸ್ಟೀರಿಂಗಿನ ಅಂಚನ್ನು ಹಿಡಿದುಕೊಂಡಿದ್ದವು. ಯಾವಾಗ ಹೋಗಿ ಹಿಡಿದವೋ ಅವರಿಗೇ ಗೊತ್ತಿರಲಿಲ್ಲ. ಹನ್ನೊಂದು ವರ್ಷ ಹೊಸಬರ ಪಕ್ಕ ಕೂತು ಕಲಿಸಿದ ಕೈ. ಕಾರು ಒಂದು ಬೆರಳಗಲ ಅತ್ತಿತ್ತ ಹೋದರೂ ಹೇಳದೆ ಕೇಳದೆ ಸರಿಪಡಿಸಿಬಿಡುತ್ತಿತ್ತು.

"ಈಗ ಬ್ರೇಕ್ ಒತ್ತಿ, ದೊಡ್ಡಮ್ಮ," ಎಂದರು ಅತ್ತಿಗೆ. " ಸ್ಟೀರಿಂಗ್ ಹಗುರವಾಗಿ ಹಿಡೀರಿ. ತಿರುಗಿಸಬೇಡಿ."

ದೊಡ್ಡಮ್ಮ ಒತ್ತಿದರು. ಕಾರು ಯಾರೋ ಕಿವಿ ಹಿಡಿದು ಎಳೆದ ಹಾಗೆ ಎಡಕ್ಕೆ ವಾಲಿತು. ಎಡಗಡೆಯ ಚಕ್ರ ಡಾಂಬರು ಬಿಟ್ಟು ಜಲ್ಲಿಯ ಮೇಲೆ ಕರಕರ ಎಂದು ನಿಂತಿತು.

"ನೋಡಿದ್ರಾ! ಎಲ್ಲರೂ ನೋಡಿದ್ರಾ!" ದೊಡ್ಡಮ್ಮ ಸೀಟಿನಲ್ಲೇ ಕುಣಿದರು. "ಬಾಯಿ ನೋಯೋಷ್ಟು ಸಲ ಹೇಳಿದೆ. ನಾನಲ್ಲ, ಕಾರು!"

ಕಾರು ಕೆಟ್ಟಿದೆ ಎಂದು ಇಷ್ಟು ಸಂತೋಷಪಟ್ಟವರನ್ನು ಸರ್ವೇಯರ್ ಹದಿನೆಂಟು ವರ್ಷದ ವಿಮೆಯ ಕೆಲಸದಲ್ಲಿ ಒಮ್ಮೆಯೂ ಕಂಡಿರಲಿಲ್ಲ. ಅವರು ಅತ್ತಿಗೆಯ ಗಂಡನ ತಮ್ಮ. ಸುಳ್ಳು ಅಪಘಾತಗಳನ್ನು ಪತ್ತೆ ಹಚ್ಚುವುದು ಅವರ ಕಸುಬು. ಅತ್ತಿಗೆಯ ಪಕ್ಕ ಕೂತು ಡೈರಿಯಲ್ಲಿ ಬರೆದುಕೊಂಡರು: ಬುಧವಾರ, ಬೆಳಿಗ್ಗೆ ಹತ್ತು ಇಪ್ಪತ್ತು. ಬ್ರೇಕ್ ಹಾಕಿದಾಗ ಎಡಕ್ಕೆ. ಸುಮಾರು ಎರಡು ಅಡಿ.

ಡ್ರೈವಿಂಗ್ ಪರೀಕ್ಷೆಯಲ್ಲಿ ದೊಡ್ಡಮ್ಮ ಎರಡು ಸಲ ಫೇಲಾಗಿದ್ದರು. ಎರಡು ಸಲವೂ ಬಿಳಿ ಗೆರೆಯ ಮೇಲೆ ನಿಲ್ಲಿಸುವಾಗ ಎಡಗಡೆಯ ಕೋನು ಉರುಳಿತ್ತು. ಕಲಿಕಾ ಲೈಸೆನ್ಸಿನ ಅವಧಿ ಇವತ್ತಿಗೆ ಮುಗಿಯುತ್ತದೆ. ಮೂರನೇ ಪರೀಕ್ಷೆ ಸಂಜೆ ನಾಲ್ಕಕ್ಕೆ. ಅದರಲ್ಲೂ ಫೇಲಾದರೆ ಇನ್ನು ಸ್ಟೀರಿಂಗ್ ಮುಟ್ಟುವುದಿಲ್ಲ ಎಂದು ಅವರು, ಈ ವಯಸ್ಸಿನಲ್ಲಿ ಕಾರು ಬೇಡ ಎನ್ನುತ್ತಿದ್ದ ಮಗನಿಗೆ ಮಾತು ಕೊಟ್ಟುಬಿಟ್ಟಿದ್ದರು.

"ಯಾಕಮ್ಮ ಕೊಟ್ರಿ ಅಂಥ ಮಾತು?" ಸರ್ವೇಯರ್ ಕೇಳಿದರು.

"ಕೋಪ ಬಂದಿತ್ತು, ಕೊಟ್ಟೆ. ಕೊಟ್ಟ ಮೇಲೆ ಕೊಟ್ಟ ಹಾಗೇನೇ."

*

ಅತ್ತಿಗೆ ಚಕ್ರಗಳ ಗಾಳಿ ಅಳೆದರು. ಎಡ, ಬಲ ಎರಡೂ ಸಮ. ಆಮೇಲೆ ತಾವೇ ಓಡಿಸಿ, ಬ್ರೇಕ್ ಮುಟ್ಟದೆ ಸ್ಟೀರಿಂಗಿನಿಂದ ಕೈ ಬಿಟ್ಟರು. ಕಾರು ಗೆರೆ ಎಳೆದ ಹಾಗೆ ನೆಟ್ಟಗೆ ಹೋಯಿತು.

"ಗಾಳಿಯದಲ್ಲ, ಅಲೈನ್‌ಮೆಂಟೂ ಅಲ್ಲ. ಬ್ರೇಕ್ ಒತ್ತಿದಾಗ ಮಾತ್ರ ಬರೋ ಕಾಯಿಲೆ, ಬ್ರೇಕಲ್ಲೇ ಇರಬೇಕು."

ಹತ್ತು ಸಲ ಓಡಿಸಿ ಹತ್ತು ಸಲ ನಿಲ್ಲಿಸಿದರು. ಇಳಿದು ನೀರಿನ ಬಾಟಲಿ ತೆಗೆದುಕೊಂಡು, ಎಡಗಡೆಯ ಮುಂದಿನ ಚಕ್ರದ ಕಿಂಡಿಯೊಳಗೆ ನಾಲ್ಕು ಹನಿ ಚಿಮುಕಿಸಿದರು. ಚುಯ್ ಎಂದು ಹಬೆ ಎದ್ದಿತು. ಬಲಗಡೆಗೂ ಚಿಮುಕಿಸಿದರು. ನೀರು ಸುಮ್ಮನೆ ಇಳಿದು ನೆಲ ಸೇರಿತು.

"ಸಿಕ್ತು," ಎಂದರು ಟೀಚರ್. "ಎಡಗಡೇದು ಕಾದಿದೆ. ಎಡಗಡೇನೇ ಕೆಟ್ಟಿರೋದು."

"ಎಲ್ಲರೂ ಅಲ್ಲೇ ಎಡವೋದು," ಎಂದರು ಅತ್ತಿಗೆ. "ನೀವೂ ಯಜಮಾನರೂ ಆಚೆಈಚೆ ಹಿಡ್ಕೊಂಡು ಒಂದು ಹೊಲಿಗೆ ಮಿಷನ್ ಸಾಗಿಸ್ತಿದ್ದೀರಿ ಅಂದ್ಕೊಳ್ಳಿ, ದೊಡ್ಡಮ್ಮ. ನೀವು ಎಡಗಡೆ. ನಿಲ್ಲು ಅಂತಾರೆ. ನೀವು ಗಕ್ಕನೆ ನಿಂತ್ರಿ, ಅವರು ನಿಲ್ಲಲಿಲ್ಲ. ಮಿಷನ್ ಯಾವ ಕಡೆ ತಿರುಗತ್ತೆ?"

"ನನ್ನ ಕಡೆ."

"ತಪ್ಪು ಯಾರದ್ದು?"

"ಅವರದ್ದೇ! ಹೇಳಿದ ಮಾತು ಯಾವತ್ತು ಕೇಳಿದಾರೆ?"

ಎಲ್ಲರೂ ನಕ್ಕರು. ಸರ್ವೇಯರ್ ನಗುತ್ತಲೇ ಬರೆದರು: ಎಡಗಾಲಿ ಕೆಲಸ ಮಾಡುತ್ತಿದೆ. ಕೆಲಸಗಳ್ಳ ಬಲಗಾಲಿ.

"ಇದು ಮೀಸೆಯವನ ಕೆಲಸ," ಟೀಚರ್ ಹಲ್ಲು ಕಡಿದರು. ಎದುರು ಬೀದಿಯಲ್ಲಿ ಇನ್ನೊಂದು ಡ್ರೈವಿಂಗ್ ಸ್ಕೂಲ್ ನಡೆಸುವವನಿಗೆ ಅವರ ಮನೆಯಲ್ಲಿ ಬೇರೆ ಹೆಸರಿರಲಿಲ್ಲ. "ಬ್ರೇಕ್ ಕೆಡಿಸಿ ನಮ್ಮ ಸ್ಕೂಲಿಗೆ ಮಸಿ ಬಳೀತಿದಾನೆ."

"ಅದನ್ನ ಆಮೇಲೆ ನೋಡೋಣ. ಗಾಡಿ ಮಲಗೋ ಜಾಗ ನೋಡದೆ ನಾನು ಯಾರ ಹೆಸರೂ ಹೇಳಲ್ಲ," ಎಂದರು ಅತ್ತಿಗೆ.

*

ಮನೆಯ ಮುಂದೆ ಆಳೆತ್ತರದ ಕಬ್ಬಿಣದ ಗೇಟು. ಟೀಚರ್ ತಳ್ಳಿದರು. ಅಷ್ಟು ಭಾರದ ಗೇಟು ಒಂದಿಷ್ಟೂ ಸದ್ದು ಮಾಡದೆ ತೆರೆದುಕೊಂಡಿತು. ಸರ್ವೇಯರ್ ಅದನ್ನು ಗಮನಿಸಿದರು. ಒಳಗಿನ ಬಾಗಿಲೂ ಹಾಗೆಯೇ. ಜಗುಲಿಯಲ್ಲಿ ಒಂದು ಉಯ್ಯಾಲೆ. ಅದರಲ್ಲಿ ಕೂತು ಎರಡು ಸಲ ಜೀಕಿದರು. ಸರಪಳಿ ತುಟಿಪಿಟಕ್ಕೆನ್ನಲಿಲ್ಲ.

"ಏನಪ್ಪಾ ಸರ್ವೇಯರ್, ತೂಗಿಕೊಂಡು ನಿದ್ದೆ ಮಾಡೋಕೆ ಬಂದ್ಯಾ?" ಅತ್ತಿಗೆ ಅಂಗಳದಿಂದಲೇ ಕೂಗಿದರು.

"ಕೆಲಸಾನೇ ಮಾಡ್ತಿದೀನಿ, ಅತ್ತಿಗೆ."

"ನಿಮ್ಮಣ್ಣನೂ ಹೀಗೇ ಹೇಳ್ತಾರೆ, ಮಂಚದ ಮೇಲಿಂದ."

ಅಂಗಳದ ಎಡಗಡೆಗೆ ಉದ್ದಕ್ಕೆ ಕಾಂಪೌಂಡ್ ಗೋಡೆ. ಟೀಚರ್ ಕಾರನ್ನು ಆ ಗೋಡೆಗೆ ಅಂಟಿಸಿದ ಹಾಗೆ ನಿಲ್ಲಿಸಿದರು. ಎಡಗಡೆ ಒಂದು ಗೇಣೂ ಜಾಗ ಉಳಿಯಲಿಲ್ಲ.

"ದಿನಾ ಇಲ್ಲೇ ನಿಲ್ಲಿಸ್ತೀರಾ?" ಅತ್ತಿಗೆ ಕೇಳಿದರು.

"ಇನ್ನೆಲ್ಲಿ? ಹಿಂದೆ ನನ್ನ ಗಂಡನ ಕಾರು ನಿಲ್ಲಬೇಕು. ಅವರೂ ಹೀಗೇ ಗೋಡೆಗೆ ಒತ್ತಿ ನಿಲ್ಲಿಸೋದು. ಎರಡೂ ಒಂದೇ ದಿನ ತಂದ ಕಾರು. ಅದೇ ಮಾಡೆಲ್, ಅದೇ ಬಣ್ಣ. ಎಷ್ಟೋ ಸಲ ಅವರ ಕಾರಿಗೆ ನನ್ನ ಕೀ ಹಾಕಿ ಬೈಸ್ಕೊಂಡಿದೀನಿ."

ಅತ್ತಿಗೆ ಸಾಮಾನಿನ ಪೆಟ್ಟಿಗೆ ಬಿಚ್ಚಿದರು. ಸ್ಪ್ಯಾನರುಗಳ ನಡುವೆ ನೇರಳೆ ಬಣ್ಣದ ಉಗುರುಬಣ್ಣದ ಸೀಸೆ ಕಂಡು ದೊಡ್ಡಮ್ಮ ಮೂಗಿನ ಮೇಲೆ ಬೆರಳಿಟ್ಟರು.

"ಕೆಲಸದ ಮಧ್ಯೆ ಅಲಂಕಾರಾನೂ ಮಾಡ್ಕೋತೀಯೇನೇ?"

"ನನಗಲ್ಲ ದೊಡ್ಡಮ್ಮ, ಗಾಡಿಗೆ."

ಬಲಗಡೆಯ ಮುಂಭಾಗವನ್ನು ಜ್ಯಾಕ್ ಕೊಟ್ಟು ಎತ್ತುವಷ್ಟರಲ್ಲಿ ದೊಡ್ಡಮ್ಮನ ಫೋನು ರಿಂಗಣಿಸಿತು. ಆಚೆಯಿಂದ ಮಗರಾಯ, ಆಫೀಸಿನಿಂದ. ದೊಡ್ಡಮ್ಮನ ಫೋನಿನ ದನಿ ಬೀದಿಗೂ ಕೇಳಿಸುವಂಥದ್ದು.

"ಅಮ್ಮಾ, ಇವತ್ತು ಎಷ್ಟು ಕೋನು? ಒಂದಾ, ಎರಡಾ?"

"ನಗು, ನಗು. ಕಾರಲ್ಲೇ ದೋಷ ಅಂತ ಗೊತ್ತಾಯ್ತು ಕಣೋ. ಗ್ಯಾರೇಜಿನವರು ಬಂದಿದಾರೆ. ಚಕ್ರ ಬಿಚ್ತಿದಾರೆ."

"ಯಾವ ಚಕ್ರ?"

"ಯಾವುದೋ ಒಂದು. ನಾಲ್ಕಕ್ಕೆ ಬಾ, ನಿಮ್ಮಮ್ಮ ಪಾಸಾಗೋದನ್ನ ನೋಡು."

"ಬಂದೇ ಬರ್ತೀನಿ," ಎಂದು ಮಗರಾಯ ನಕ್ಕು ಫೋನಿಟ್ಟ.

ಸರ್ವೇಯರ್ ಉಯ್ಯಾಲೆಯಲ್ಲಿ ಕೂತೇ ಡೈರಿಯಲ್ಲಿ ಎರಡು ಪದ ಬರೆದುಕೊಂಡರು. ಬರೆದದ್ದನ್ನು ಯಾರಿಗೂ ತೋರಿಸಲಿಲ್ಲ.

*

ಚಕ್ರ ಬಿಚ್ಚಿದಾಗ ಹೊಳೆಯುವ ಡಿಸ್ಕು, ಅದನ್ನು ಎರಡೂ ಕಡೆಯಿಂದ ಅಮುಕಿ ಹಿಡಿಯುವ ಕ್ಯಾಲಿಪರು ಕಂಡವು. ಅತ್ತಿಗೆ ಒಳಗಿನ ಎರಡು ಬ್ರೇಕ್ ಪ್ಯಾಡುಗಳನ್ನು ಹೊರಗೆಳೆದು ಬಿಸಿಲಿಗೆ ಹಿಡಿದರು. ಡಿಸ್ಕನ್ನು ಉಜ್ಜಬೇಕಾದ ಮುಖ ಒರಟಾಗಿರಬೇಕಿತ್ತು. ಅದು ಒದ್ದೆಯಾಗಿ ಮಿನುಗುತ್ತಿತ್ತು. ಬೆರಳು ಸವರಿ, ಮೂಸಿ, ಮೈದುನನ ಮೂಗಿಗೂ ಹಿಡಿದರು.

"ಎಣ್ಣೆ," ಎಂದರು ಸರ್ವೇಯರ್. "ವಾಸನೆಯೇ ಇಲ್ಲ."

"ತಿಳಿ ಎಣ್ಣೆ. ನನ್ನ ಗ್ಯಾರೇಜಿನಲ್ಲಿ ಇಂಥದ್ದು ಇಟ್ಟೇ ಇಲ್ಲ."

"ಮೀಸೆ!" ಎಂದು ಟೀಚರ್ ಕೂಗಿಕೊಂಡರು.

"ಮೀಸೆಯವರು ಬಂದಿದ್ರೆ ಗೇಟು ದಾಟಿ, ಜಗುಲಿಯಲ್ಲಿ ಕೂತವರ ಕಣ್ಣೆದುರೇ ಕೂತು ಮಾಡಬೇಕಿತ್ತು," ಎಂದು ಸರ್ವೇಯರ್ ಎದ್ದರು. "ಟೀಚರ್, ಒಂದು ಮಾತು. ನಿಮ್ಮ ಮನೆಯಲ್ಲಿ ಕಿರುಗುಡೋ ವಸ್ತು ಒಂದಾದ್ರೂ ಇದೆಯಾ?"

ಟೀಚರ್ ಯೋಚಿಸಿದರು. "ಇಲ್ಲ. ಮಾವ ಬಿಡಲ್ಲ. ಏನಾದ್ರೂ ಕಿರ್ ಅಂದ್ರೆ ಸಾಕು, ಎಣ್ಣೆ ಡಬ್ಬಿ ಹಿಡ್ಕೊಂಡು..."

ಎಲ್ಲರ ಕಣ್ಣೂ ಮುಂದಿನ ಕೋಣೆಯ ಕಡೆ ತಿರುಗಿದವು.

*

ಅಲ್ಲಿ ಹೊಲಿಗೆ ಮಿಷನ್ ರಿಪೇರಿಯ ಯಜಮಾನರು, ದೊಡ್ಡಮ್ಮನ ಗಂಡ, ಬೆಂಚಿನ ಮುಂದೆ ಕೂತಿದ್ದರು. ಸುತ್ತ ರಿಪೇರಿ ಮುಗಿದ ಆರು ಮಿಷನ್ನುಗಳು, ಒಂದೊಂದರ ಕುತ್ತಿಗೆಗೂ ಗಿರಾಕಿಯ ವಿಳಾಸದ ಚೀಟಿ. ಭುಜಕ್ಕೆ ಪೆಟ್ಟಾಗಿ ಯಜಮಾನರು ಸ್ಕೂಟರ್ ಬಿಟ್ಟ ಮೇಲೆ ಅವು ಹೊಸ್ತಿಲು ದಾಟಿರಲಿಲ್ಲ. ನಲವತ್ತು ವರ್ಷ ಆ ಸ್ಕೂಟರಿನ ಹಿಂದೆ ಮಿಷನ್ನನ್ನು ತೊಡೆಯ ಮೇಲಿಟ್ಟುಕೊಂಡು ಕೂತವರು ದೊಡ್ಡಮ್ಮ. ಇನ್ನು ತಾವು ಓಡಿಸಬೇಕು, ಗಂಡ ಪಕ್ಕದಲ್ಲಿ ಕೂರಬೇಕು ಎನ್ನುವುದು ಅವರ ಹಟ.

ಬೆಂಚಿನ ಮೇಲೆ ಉದ್ದ ಕೊಕ್ಕಿನ ಎಣ್ಣೆ ಡಬ್ಬಿ ಇತ್ತು. ಸರ್ವೇಯರ್ ಅದನ್ನೆತ್ತಿ ಒಂದು ಹನಿ ಅಂಗೈಗೆ ಬಿಟ್ಟುಕೊಂಡರು. ತಿಳಿಯಾದ ಎಣ್ಣೆ. ವಾಸನೆ ಇಲ್ಲ.

"ಯಜಮಾನ್ರೇ, ಈ ಕೊಕ್ಕು ಕಾರಿನ ಚಕ್ರದ ಕಿಂಡಿಯೊಳಗೆ ಹೋಗುತ್ತಾ?"

"ಸಲೀಸಾಗಿ," ಎಂದರು ಯಜಮಾನರು ಹೆಮ್ಮೆಯಿಂದ. "ಎಂಥಾ ಸಂದಿಗಾದ್ರೂ ಹೋಗುತ್ತೆ."

"ಹೋಗಿತ್ತಾ?"

"ಹೋಗದೆ ಮತ್ತೆ? ಆ ಕಾರು ಬ್ರೇಕ್ ಹಾಕಿದ್ರೆ ಕೀಂ ಅಂತ ಕಿರುಚ್ತಿತ್ತು. ಬೀದಿಯವರೆಲ್ಲ ತಿರುಗಿ ನೋಡೋರು. ಇವಳಿಗೆ ನಾಚಿಕೆ. ಪಾಪ, ಪರೀಕ್ಷೆ ದಿನ ಸದ್ದು ಮಾಡದೇ ಇರಲಿ ಅಂತ ಎರಡು ತೊಟ್ಟು ಬಿಟ್ಟೆ. ಗೋಡೆ ಕಡೆ ಕೈ ಹೋಗ್ಲಿಲ್ಲ, ಈ ಕಡೆಗೆ ಮಾತ್ರ. ಈಗ ನೋಡಿ, ಬೆಣ್ಣೆ ಹಾಗೆ ನಿಲ್ಲುತ್ತೆ!"

"ನಿಲ್ಲಲ್ಲ ಮಾವ, ಅದೇ ತೊಂದರೆ!" ಟೀಚರ್ ಹಣೆ ಹಣೆ ಚಚ್ಚಿಕೊಂಡರು.

ವಿಷಯ ಅರ್ಥವಾಗುತ್ತಿದ್ದ ಹಾಗೆ ಯಜಮಾನರ ಕನ್ನಡಕ ಮೂಗಿನ ತುದಿಗೆ ಇಳಿಯಿತು. ಅವರು ಹೆಂಡತಿಯ ಕಡೆ ನೋಡಲಾರದೆ ಎಣ್ಣೆ ಡಬ್ಬಿಯನ್ನು ನೋಡಿದರು.

"ನಿನಗೋಸ್ಕರಾನೇ ಕಣೇ ಹಾಕಿದ್ದು."

ದೊಡ್ಡಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ತುಟಿ ನಡುಗಿತು. ಅಳುತ್ತಾರೆ ಎಂದು ಸರ್ವೇಯರ್ ಅಂದುಕೊಂಡರು. ಅದು ನಗು. ತಡೆಯಲಾರದೆ ಮಿಷನ್ನಿಗೆ ಒರಗಿ, ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು.

"ನಲವತ್ತು ವರ್ಷದಲ್ಲಿ ಕೇಳದೇ ಇದ್ರೂ ಮಾಡಿಕೊಟ್ಟ ಉಪಕಾರ ಇದೊಂದೇ ರೀ! ಅದರಲ್ಲೂ ಹೀಗೆ!"

ಯಜಮಾನರೂ ನಗತೊಡಗಿದರು. ಟೀಚರಿಗೂ ತಡೆಯಲಾಗಲಿಲ್ಲ. ಸರ್ವೇಯರ್ ಮಾತ್ರ ಡೈರಿಯ ಹಾಳೆ ತಿರುವುತ್ತಿದ್ದರು.

"ಯಜಮಾನ್ರೇ, ಎಣ್ಣೆ ಬಿಟ್ಟಿದ್ದು ಯಾವತ್ತು?"

"ಮೊನ್ನೆ ಸೋಮವಾರ. ತಿಂಡಿ ಆದ ಮೇಲೆ."

"ಸರಿಯಾಗಿ ನೆನಪಿದೆಯಾ?"

"ಯಾಕಿಲ್ಲ? ಹೋದ ವಾರ ಮಂಗಳವಾರ ಇವಳು ಎರಡನೇ ಸಲ ಫೇಲಾಗಿ ಬಂದಳು. ಮುಖ ನೋಡೋಕಾಗ್ಲಿಲ್ಲ. ಏನಾದ್ರೂ ಮಾಡಬೇಕು ಅನ್ನಿಸ್ತು. ಸೋಮವಾರ ಮಾಡಿದೆ."

ನಗು ಒಂದೊಂದಾಗಿ ನಿಂತಿತು.

"ಮೊದಲನೇ ಸಲ ಫೇಲಾಗಿದ್ದು ಮೂರು ವಾರದ ಹಿಂದೆ," ಎಂದರು ಸರ್ವೇಯರ್. "ಎರಡನೇ ಸಲ ಹೋದ ವಾರ ಮಂಗಳವಾರ. ಎರಡೂ ಸಲ ಕಾರು ಎಡಕ್ಕೇ ಹೋಗಿದೆ. ಆಗ ಎಣ್ಣೆ ಡಬ್ಬಿಯಲ್ಲೇ ಇತ್ತು."

"ಹಾಗಾದ್ರೆ?" ಎಂದರು ಟೀಚರ್.

"ಕಿರುಚೋಕೆ ಶುರುವಾಗಿದ್ದು ಯಾವಾಗ, ಯಜಮಾನ್ರೇ?"

ಯಜಮಾನರು ಕಣ್ಣು ಮುಚ್ಚಿ ನೆನಪಿಸಿಕೊಂಡರು. ಸದ್ದಿನ ವಿಷಯದಲ್ಲಿ ಅವರ ನೆನಪು ಪೊಲೀಸ್ ದಾಖಲೆಗಿಂತ ಗಟ್ಟಿ. "ಮೊದಲನೇ ಪರೀಕ್ಷೆಯ ಹಿಂದಿನ ದಿನ. ಅದಕ್ಕೆ ಮುಂಚೆ ಒಂದು ದಿನಾನೂ ಇಲ್ಲ."

ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ಈಗ ಒಳಗೆ ಬಂದು ಬೆಂಚಿನ ಮೇಲೆ ಬಲಗಾಲಿಯ ಎರಡೂ ಪ್ಯಾಡುಗಳನ್ನು ಬೋರಲಾಗಿಟ್ಟರು.

"ನಾಲ್ಕು ತಿಂಗಳ ಹಿಂದೆ ಈ ಕಾರಿಗೆ ಹೊಸ ಪ್ಯಾಡ್ ಹಾಕಿದ್ದು ನಾನೇ. ನಾನು ಹಾಕೋ ಪ್ರತಿಯೊಂದು ಪ್ಯಾಡಿನ ಬೆನ್ನಿಗೂ, ತುದಿಗೂ ಉಗುರುಬಣ್ಣದಲ್ಲಿ ಒಂದು ಗೀಟು ಎಳೀತೀನಿ. ನೇರಳೆ. ಯಾರಾದ್ರೂ ಬಂದು ಜಗಳ ಆಡಿದ್ರೆ ನನ್ನ ಕೆಲಸ ಯಾವುದು ಅಂತ ನನಗೆ ಗೊತ್ತಾಗ್ಬೇಕಲ್ಲ. ಎಲ್ಲಿದೆ ಗೀಟು?"

ಗೀಟು ಇರಲಿಲ್ಲ. ಪ್ಯಾಡಿನ ಬೆನ್ನು ಬರೀ ಕಪ್ಪು.

ಒರೆಸಿದ ಮೇಲೆ ಮುಂಭಾಗವೂ ಬೇರೆಯೇ ಕಥೆ ಹೇಳಿತು. ಎಣ್ಣೆಯ ಕೆಳಗೆ ಅದು ಕಾದು ಕಾದು ಗಾಜಿನ ಹಾಗೆ ನುಣುಪಾಗಿತ್ತು. ಅಂಥ ಪ್ಯಾಡು ಸರಿಯಾಗಿ ಹಿಡಿಯುವುದೂ ಇಲ್ಲ, ಸುಮ್ಮನಿರುವುದೂ ಇಲ್ಲ, ಕಿರುಚುತ್ತದೆ.

ಕಾರನ್ನು ಗೋಡೆಯಿಂದ ಆಚೆ ತಂದು ಎಡಗಾಲಿಯನ್ನೂ ಬಿಚ್ಚಿದರು. ಅದರ ಪ್ಯಾಡುಗಳ ತುದಿಯಲ್ಲಿ ನೇರಳೆ ಗೀಟು ಹಾಗೇ ಇತ್ತು.

"ಯಾರೋ ಬಲಗಡೆಯ ಎರಡನ್ನ ಮಾತ್ರ ಬದಲಾಯಿಸಿದಾರೆ," ಎಂದರು ಸರ್ವೇಯರ್ ನಿಧಾನವಾಗಿ. "ಯಜಮಾನ್ರ ಕೈಗೆ ಸಿಗದ ಗೋಡೆ ಕಡೆ ಚಕ್ರ ಅವರ ಕೈಗೂ ಸಿಕ್ಕಿಲ್ಲ. ಅಂದ್ರೆ ಕೆಲಸ ನಡೆದದ್ದು ಇಲ್ಲೇ, ಈ ಅಂಗಳದಲ್ಲಿ. ಕಾರು ನಿಂತ ಹಾಗೇ."

*

ಗಂಟೆ ಮೂರು ಐವತ್ತು. ಪರೀಕ್ಷೆಯ ಮೈದಾನ.

ಎರಡೂ ಕಡೆಗೆ ಹೊಸ ಪ್ಯಾಡು ಬಿದ್ದಿತ್ತು, ಹೊಸ ಗೀಟೂ. ಡಿಸ್ಕಿನ ಎಣ್ಣೆಯನ್ನು ಅತ್ತಿಗೆ ಮೂರು ಸಲ ತೊಳೆದಿದ್ದರು. ಗೋದಾಮಿನ ರಸ್ತೆಯಲ್ಲಿ ಇಪ್ಪತ್ತು ಸಲ ಓಡಿಸಿ ನಿಲ್ಲಿಸಿ ಪ್ಯಾಡು ಪಳಗಿಸಿದ್ದರು. ಕೊನೆಯ ಐದು ಸಲ ಕಾರು ಕೂದಲೆಳೆಯಷ್ಟೂ ಅತ್ತಿತ್ತ ಹೋಗಿರಲಿಲ್ಲ.

ಕಾರು ಸರಿಯಾಯಿತು ಎಂದಮೇಲೆ ದೊಡ್ಡಮ್ಮನಿಗೆ ಹೆದರಿಕೆ ಶುರುವಾಗಿತ್ತು.

"ಈಗ ಕೋನು ಬಿದ್ರೆ ನಾನೇ ಅಂತಾಗುತ್ತಲ್ಲೇ," ಎಂದು ಸೊಸೆಯ ಕಿವಿಯಲ್ಲಿ ಪಿಸುಗುಟ್ಟಿದರು.

"ಬೀಳಲ್ಲ ಅತ್ತೆ. ಮೂರು ವಾರ ಸೊಟ್ಟ ಕಾರನ್ನೇ ಓಡಿಸಿದೀರಿ. ನೆಟ್ಟಗಿರೋದು ನಿಮಗೊಂದು ಲೆಕ್ಕಾನಾ?"

ಇನ್ಸ್‌ಪೆಕ್ಟರ್ ಕಾಗದ ಹಿಡಿದು ಪಕ್ಕದ ಸೀಟಿನಲ್ಲಿ ಕೂತರು. ಎರಡು ಸಲ ದೊಡ್ಡಮ್ಮನನ್ನು ಫೇಲು ಮಾಡಿದವರು ಅವರೇ. ಕಾರು ಹೊರಟಿತು. ತಿರುವು ದಾಟಿತು, ಏರಿನಲ್ಲಿ ಹಿಂದೆ ಜಾರದೆ ನಿಂತು ಮುಂದೆ ಹೋಯಿತು. ಕೊನೆಗೆ ಎರಡು ಸಾಲು ಕೋನುಗಳ ನಡುವೆ ಬಂತು. ಮುಂದೆ ಬಿಳಿ ಗೆರೆ.

ಯಜಮಾನರು ಉಸಿರು ಬಿಗಿಹಿಡಿದು ಸರ್ವೇಯರ್ ತೋಳನ್ನು ಹಿಸುಕಿದರು.

ಬ್ರೇಕು ಬಿತ್ತು. ಕಾರು ಬಾಣದ ಹಾಗೆ ನೆಟ್ಟಗೆ ಬಂದು ಗೆರೆಯ ಮೇಲೆ ನಿಂತಿತು. ಎಡಗಡೆಯ ಕೋನು ನಿಂತಲ್ಲೇ ನಿಂತಿತ್ತು. ಬಲಗಡೆಯದೂ. ಒಂದು ಚೂರು ಸದ್ದೂ ಇಲ್ಲ.

"ಕಿರುಚಲಿಲ್ಲ!" ಎಂದು ಯಜಮಾನರು ಮೈದಾನಕ್ಕೆಲ್ಲ ಕೇಳಿಸುವ ಹಾಗೆ ಕಿರುಚಿದರು.

ಇನ್ಸ್‌ಪೆಕ್ಟರ್ ಇಳಿದು ಕಾಗದಕ್ಕೆ ಸಹಿ ಹಾಕಿದರು. "ಪಾಸ್. ಅಮ್ಮಾ, ಹೋದ ಸಲ ಕೋನಿನ ಮೇಲೆ ಅಷ್ಟು ಕೋಪ ಯಾಕಿತ್ತು?"

"ಅದನ್ನ ಈ ಸರ್ವೇಯರ್ ಹೇಳ್ತಾರೆ, ಕೇಳಿ," ಎಂದು ದೊಡ್ಡಮ್ಮ ಕಾಗದ ಕಿತ್ತುಕೊಂಡು ಸೊಸೆಯನ್ನು ಅಪ್ಪಿಕೊಂಡರು. ಅತ್ತೆ ಸೊಸೆ ಇಬ್ಬರೂ ಕೋನುಗಳ ನಡುವೆ ಒಂದು ಸುತ್ತು ತಿರುಗಿದರು. ಎದುರು ಬೀದಿಯ ಮೀಸೆಯವರು ತಮ್ಮ ಶಿಷ್ಯರ ಸಾಲಿನಿಂದ ಚಪ್ಪಾಳೆ ಹೊಡೆಯುತ್ತಿದ್ದರು. ಟೀಚರ್ ಅದನ್ನು ಕಂಡು, ನಾಚಿ, ಕೈ ಬೀಸಿದರು.

ಅದೇ ಹೊತ್ತಿಗೆ ಗೇಟಿನಲ್ಲಿ ಹಾರ್ನ್ ಕೇಳಿಸಿತು. ಮಗರಾಯ ಆಫೀಸಿನಿಂದ ಓಡೋಡಿ ಬಂದಿದ್ದ. ಅದೇ ಮಾಡೆಲ್, ಅದೇ ಬಣ್ಣದ ಕಾರು. ಸಂಭ್ರಮ ಕಂಡವನೇ ಗಕ್ಕನೆ ಬ್ರೇಕ್ ಹಾಕಿ, ಸ್ಟೀರಿಂಗ್ ಪೂರ್ತಿ ತಿರುಗಿಸಿ ಓರೆಯಾಗಿ ನಿಲ್ಲಿಸಿದ. ಬಾಗಿಲನ್ನೂ ಮುಚ್ಚದೆ ಓಡಿದ.

"ಅಮ್ಮಾ! ಪಾಸಾ? ನಿಜವಾಗ್ಲೂ?" ಅಮ್ಮನನ್ನು ಎತ್ತಿ ಒಂದು ಸುತ್ತು ತಿರುಗಿಸಿದ. ಅವನ ಕಣ್ಣಲ್ಲಿ ನೀರಿತ್ತು. ಅದು ನಾಟಕದ ಕಣ್ಣೀರಲ್ಲ ಎಂದು ಸರ್ವೇಯರ್ ಯಾವ ಕೋರ್ಟಿನಲ್ಲಿ ಬೇಕಾದರೂ ಸಾಕ್ಷಿ ಹೇಳಬಲ್ಲವರಾಗಿದ್ದರು.

ಆದರೆ ಅವರ ಕಣ್ಣು ನೆಲದ ಮೇಲಿತ್ತು. ಗೇಟಿನಿಂದ ಒಳಗೆ ಮೈದಾನದ ಧೂಳಿನಲ್ಲಿ ಮಗರಾಯನ ಟೈರಿನ ಗುರುತು ಎರಡು ಸಾಲಾಗಿ ಮೂಡಿತ್ತು. ಮೊದಲು ನೆಟ್ಟಗೆ. ಬ್ರೇಕ್ ಬಿದ್ದಲ್ಲಿಂದ, ಸ್ಟೀರಿಂಗ್ ತಿರುಗಿಸುವುದಕ್ಕೂ ಮುಂಚೆಯೇ, ಎರಡೂ ಸಾಲು ಒಂದು ಗೇಣು ಪಕ್ಕಕ್ಕೆ ಸರಿದಿದ್ದವು.

ಬಲಕ್ಕೆ.

"ಅತ್ತಿಗೆ," ಎಂದರು ಸರ್ವೇಯರ್ ಮೆಲ್ಲಗೆ.

"ನೋಡಿದೆ."

ಅತ್ತಿಗೆ ಆ ಕಾರಿನ ಬಳಿ ಹೋಗಿ ಕೈಯಲ್ಲಿದ್ದ ಸ್ಪ್ಯಾನರನ್ನು ಬೇಕೆಂದೇ ಬೀಳಿಸಿ, ಎತ್ತಿಕೊಳ್ಳಲು ಬಗ್ಗಿದರು. ಚಕ್ರ ಪೂರ್ತಿ ಹೊರಳಿದ್ದರಿಂದ ಬಲಗಾಲಿಯ ಒಳಗಿನ ಕ್ಯಾಲಿಪರು, ಅದರ ಸಂದಿಯಲ್ಲಿ ಪ್ಯಾಡಿನ ತುದಿ ಕಾಣುತ್ತಿತ್ತು. ಅವರು ಏಳಲು ಎಂದಿಗಿಂತ ಹೆಚ್ಚು ಹೊತ್ತು ತೆಗೆದುಕೊಂಡರು. ಎದ್ದಾಗ ಹೆಬ್ಬೆರಳಿನ ಉಗುರನ್ನು ಸ್ಪ್ಯಾನರಿನಿಂದ ಎರಡು ಸಲ ತಟ್ಟಿ ಮೈದುನನಿಗೆ ತೋರಿಸಿದರು. ಉಗುರುಬಣ್ಣ.

ಟೀಚರ್ ಕಾರಿನಿಂದ ಕಾಣೆಯಾಗಿದ್ದ, ನಾಲ್ಕು ತಿಂಗಳ ಹಿಂದಿನ ನೇರಳೆ ಗೀಟು ಅಲ್ಲಿತ್ತು.

ಸರ್ವೇಯರ್ ಡೈರಿ ತೆರೆದು ಬೆಳಿಗ್ಗೆ ಬರೆದಿದ್ದ ಎರಡು ಪದಗಳನ್ನು ಮತ್ತೆ ಓದಿಕೊಂಡರು: ಯಾವ ಚಕ್ರ?

ಅತ್ತ ದೊಡ್ಡಮ್ಮ ಮಗನ ಮುಂದೆ ಅಂಗೈ ಚಾಚಿ ನಿಂತಿದ್ದರು.

"ಕೀ ಕೊಡೋ. ನಿನ್ನ ಹೆಂಡತಿ ಕಾರನ್ನ ಓಡಿಸಿದ್ದಾಯ್ತು. ಇವತ್ತು ನಿನ್ನ ಕಾರಲ್ಲಿ ಮನೆಗೆ ಹೋಗೋದು. ನಾನು ಓಡಿಸ್ತೀನಿ, ನಿಮ್ಮಪ್ಪ ಪಕ್ಕದಲ್ಲಿ ಕೂರ್ತಾರೆ. ಮಿಷನ್ ತಲುಪಿಸೋಕೆ ನಾಳೆಯಿಂದ ಅದೇ ಅಲ್ವೇನೋ?"

ಮಗರಾಯನ ನಗು ಇದ್ದಲ್ಲೇ ನಿಂತಿತು. ಕೀ ಹಿಡಿದಿದ್ದ ಕೈ ಬೆನ್ನ ಹಿಂದೆ ಹೋಯಿತು.

"ಬೇಡಮ್ಮ," ಎಂದ. ದನಿ ತೀರ ಸಣ್ಣದಾಗಿತ್ತು. "ಬೇರೆ ಯಾವ ಕಾರನ್ನಾದ್ರೂ ಓಡಿಸು. ಇದೊಂದು ಬೇಡ."